ಡಾಕ್ಟರ್ ಬಾಯಿ ಬೊಂಬಾಯಿಗೆ ಹೋದದ್ದು

ಬೊಂಬಾಯಿಯಿಂದ ಆ ಫಾರಂ ಬಂದದ್ದು ಮಳೆ ಬಿಟ್ಟ ಮೇಲೆ. ಉದ್ದದ ಕಂದು ಲಕೋಟೆ. ಅಂಚೆಯವನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಇಟ್ಟವನು ನಾನೇ. ಒಳಗೆ ಏನಿದೆ ಎಂದು ಗೊತ್ತಿದ್ದರೆ ಒಲೆಗೆ ಹಾಕುತ್ತಿದ್ದೆನೋ ಏನೋ. ಈಗ ಹೇಳುವುದು ಸುಲಭ.

ಕಾಪುವಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಕಟ್ಟಡ ಇತ್ತು. ಎರಡು ಕೋಣೆ, ಒಂದು ಜಗಲಿ. ಅದು ಬಾಯಿಯ ದವಾಖಾನೆ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಮರ್ಯಾದೆಯಿಂದ ಬಾಯಿ ಎಂದು ಕರೆಯುತ್ತಾರೆ. ಇವರು ಡಾಕ್ಟರ್ ಆದ್ದರಿಂದ ಡಾಕ್ಟರ್ ಬಾಯಿ. ಉದ್ಯಾವರದವರು. ಮದ್ರಾಸಿನಲ್ಲಿ ಓದಿ ಎಂ.ಬಿ.ಬಿ.ಎಸ್. ಮಾಡಿದವರು. ಮದುವೆ ಆಗಿರಲಿಲ್ಲ. ಆಗ ಅವರಿಗೆ ಮೂವತ್ತಮೂರೋ ಮೂವತ್ತನಾಲ್ಕೋ. ನನಗೆ ಇಪ್ಪತ್ತೊಂದು.

ನಾನು ಮಟ್ಟುವಿನವನು. ನಮ್ಮದು ಗುಳ್ಳ ಬದನೆ ಬೆಳೆಯುವ ಮನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ. ಹದಿನೆಂಟರಲ್ಲಿ ಗುಳ್ಳದ ಗಿಡದ ಮುಳ್ಳು ಕಾಲಿಗೆ ಹೊಕ್ಕು ಕೀವಾಗಿ ಬಾಯಿಯ ಹತ್ತಿರ ಹೋದೆ. ಕಾಲು ಗುಣವಾಯಿತು, ನಾನು ಹೋಗುವುದು ನಿಲ್ಲಲಿಲ್ಲ. ಮೊದಲು ಬಾಟ್ಲಿ ತೊಳೆದೆ. ಆಮೇಲೆ ಗಾಯ ಕಟ್ಟಿದೆ. ಆಮೇಲೆ ಮದ್ದು ಕಲಸಲು ಕಲಿತೆ. ಜನ ನನ್ನನ್ನು ಕಂಪೌಂಡರ್ ಎಂದು ಕರೆದರು. ಸರ್ಟಿಫಿಕೇಟ್ ಎಂತದೂ ಇರಲಿಲ್ಲ. ಬಾಯಿಯ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮ ಮಾತೆಲ್ಲ ತುಳುವಿನಲ್ಲಿ. ಮದ್ದಿನ ವಿಷಯ ಬಂದಾಗ ಮಾತ್ರ ಅವರು ನನ್ನೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಒಂದೊಂದೇ ಶಬ್ದ ಬಿಡಿಸಿ, ನಾನು ತಪ್ಪು ಮಾಡಬಾರದೆಂದು.

ಮಿಕ್ಸ್ಚರ್ ಕೊಡುತ್ತಿದ್ದದ್ದು ಬಾಟ್ಲಿಯಲ್ಲಿ. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕು ಎಂದು ಗೊತ್ತಾಗಲು ಬಾಟ್ಲಿಯ ಬೆನ್ನಿಗೆ ಕಾಗದದ ಪಟ್ಟಿ ಅಂಟಿಸಬೇಕು. ಪಟ್ಟಿಯನ್ನು ಮಡಿಸಿ ಕತ್ತರಿಯಲ್ಲಿ ಕಚ್ಚು ಹಾಕಿದರೆ ಬಿಡಿಸುವಾಗ ಗರಗಸದ ಹಲ್ಲಿನ ಹಾಗೆ ಆಗುತ್ತದೆ. ಒಂದು ಹಲ್ಲಿಗೆ ಒಂದು ಹೊತ್ತು. ಓದಲು ಬಾರದವರಿಗೂ ಅರ್ಥವಾಗುತ್ತದೆ. ಆದರೆ ನಮ್ಮ ಕಡೆ ಮಡಿಯ ಮನೆಗಳು ಕೆಲವು ಉಂಟು. ಎಲ್ಲ ಜಾತಿಯವರೂ ಮುಟ್ಟಿದ ದವಾಖಾನೆಯ ಬಾಟ್ಲಿಯನ್ನು ಬಾವಿಕಟ್ಟೆಯಲ್ಲಿ ಬೂದಿ ಹಾಕಿ ತಿಕ್ಕಿ ತೊಳೆಯದೆ ಅವರು ಒಳಗೆ ತರುವುದಿಲ್ಲ. ಒಳಗಿನ ಮದ್ದಿಗೆ ಮೈಲಿಗೆ ಇಲ್ಲ, ಬಾಟ್ಲಿಗೆ ಮಾತ್ರ. ಕಾಗದ ಅಲ್ಲೇ ಕಳಚಿ ನೀರಿನೊಂದಿಗೆ ಹೋಗುತ್ತದೆ. ಇದು ತಿಳಿದ ಮೇಲೆ ನಾನು ಅಂಥ ಮನೆಯ ಬಾಟ್ಲಿಗೆ ಕಾಗದ ಅಂಟಿಸುವುದನ್ನು ಬಿಟ್ಟು, ಅರದಿಂದ ಗಾಜಿನ ಮೇಲೆಯೇ ಗೆರೆ ಗೀರತೊಡಗಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಬಾಯಿ ಮೊದಲ ಸಲ ಅದನ್ನು ಬೆಳಕಿಗೆ ಹಿಡಿದು ನೋಡಿ, ತನಗೆ ಇದು ಹೊಳೆದೇ ಇರಲಿಲ್ಲ ಎಂದರು. ಒಂದು ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಫಾರಂ ಕಳಿಸಿದ್ದರ ಹಿಂದೆ ಇದ್ದವರು ಒಬ್ಬ ಮುದಿ ಪ್ರೊಫೆಸರು. ಮದ್ರಾಸಿನಲ್ಲಿ ಬಾಯಿಗೆ ಕಲಿಸಿದವರು, ಈಗ ಮಣಿಪಾಲಕ್ಕೆ ಬಂದಿದ್ದರು. ಅಲ್ಲಿ ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆ ಏಳುತ್ತಿದ್ದ ಕಾಲ. ಬೊಂಬಾಯಿಯಲ್ಲಿ ಮಕ್ಕಳ ಕಾಯಿಲೆಯದ್ದೇ ಬೇರೆ ಡಿಪ್ಲೊಮಾ ಉಂಟು, ಓದುವುದೂ ವಾರ್ಡಿನಲ್ಲಿ ಪಳಗುವುದೂ ಸೇರಿ ಎರಡು ವರ್ಷ, ಮುಗಿಸಿ ಬಂದರೆ ಮಣಿಪಾಲದಲ್ಲಿ ಮಕ್ಕಳ ವಾರ್ಡು ನಿನ್ನದು ಎಂದು ಅವರು ಹೇಳಿದ್ದರಂತೆ. ಒಂದು ತಿಂಗಳೊಳಗೆ ಫಾರಂ ತುಂಬಿಸಿ ಕಳಿಸಬೇಕು.

ಆ ಒಂದು ತಿಂಗಳು ಊರೆಲ್ಲ ಬಾಯಿಗೆ ಬುದ್ಧಿ ಹೇಳಿತು. ಅವರ ತಾಯಿ, ಡಾಕ್ಟರ್ ಆದದ್ದು ಸಾಲದೇ, ಇನ್ನು ಡಾಕ್ಟರಿಗೂ ಮೇಲೆ ಎಂತ ಆಗಲಿಕ್ಕುಂಟು ಎಂದು ಕೇಳಿದರು. ಕಟ್ಟಡದ ಧಣಿಗಳು ಜಗಲಿಯಲ್ಲಿ ಕೂತು ನಕ್ಕರು. ಮಕ್ಕಳೆಂದರೆ ಸಣ್ಣ ಮನುಷ್ಯರು ತಾನೇ, ಮದ್ದು ಅರ್ಧ ಕೊಟ್ಟರೆ ಮುಗಿಯಿತು, ಅದಕ್ಕೆ ಎರಡು ವರ್ಷ ಎಂತಕ್ಕೆ ಎಂಬುದು ಅವರ ವಾದ. ನನಗೂ ಅದು ಸರಿ ಎಂದೇ ಕಂಡಿತು.

ಸಂಜೆ ರೋಗಿಗಳು ಮುಗಿದ ಮೇಲೆ ಬಾಯಿ ಜಗಲಿಯ ಕಂಬಕ್ಕೆ ಒರಗಿ ಹಾಲಿಲ್ಲದ ಚಹಾ ಕುಡಿಯುತ್ತಿದ್ದರು. ನಾನು ಬಾಟ್ಲಿ ತೊಳೆಯುತ್ತಿದ್ದೆ. ಅವರು ನನಗೆ ಹೇಳುತ್ತಿದ್ದದ್ದೋ ತನಗೇ ಹೇಳಿಕೊಳ್ಳುತ್ತಿದ್ದದ್ದೋ ಗೊತ್ತಿಲ್ಲ. ಇಲ್ಲಿ ಹೆರಿಗೆ ಮಾಡಿಸುತ್ತೇನೆ, ಮುರಿದ ಕೈ ಕಟ್ಟುತ್ತೇನೆ, ಹಲ್ಲು ಕೀಳುತ್ತೇನೆ, ಒಂದು ಸಲ ಎಮ್ಮೆಯ ಕಿವಿಯನ್ನೂ ಹೊಲಿದಿದ್ದೇನೆ, ಆ ಡಿಪ್ಲೊಮಾ ಮಾಡಿದರೆ ಹನ್ನೆರಡು ವರ್ಷದ ಮೇಲಿನವರನ್ನು ಮುಟ್ಟಲಿಕ್ಕಿಲ್ಲ, ಕೈಗೆ ಬಂದದ್ದೆಲ್ಲ ಮರೆತುಹೋಗುತ್ತದೆ ಎನ್ನುತ್ತಿದ್ದರು. ಮತ್ತೆ ಚಹಾದ ಲೋಟ ಕೆಳಗಿಟ್ಟು, ಈ ಮಳೆಗಾಲದಲ್ಲಿ ಭೇದಿಯಾಗಿ ತೀರಿಹೋದ ಮೂರು ಮಕ್ಕಳ ಮನೆಗಳನ್ನು ಹೆಸರು ಹಿಡಿದು ಹೇಳುತ್ತಿದ್ದರು. ನಾನು ಬಾಟ್ಲಿಯನ್ನು ಎರಡೆರಡು ಸಲ ತೊಳೆಯುತ್ತಿದ್ದೆ. ಅವರು ಎದ್ದು ಹೋಗುವವರೆಗೆ ಕೆಲಸ ಮುಗಿಯಬಾರದು ಎಂದು.

ನನಗೆ ಬೇಕಾಗಿದ್ದದ್ದು ಒಂದೇ. ಅವರು ಹೋಗಬಾರದು. ಯಾಕೆ ಎಂದು ನನ್ನಲ್ಲೇ ಕೇಳಿಕೊಳ್ಳಲು ನನಗೆ ಧೈರ್ಯ ಇರಲಿಲ್ಲ. ಕೇಳಿಕೊಂಡು ಆಗಬೇಕಾದ್ದೂ ಏನೂ ಇರಲಿಲ್ಲ.

ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವರೇ ಬಾಯಿ, ಕಾರ್ಕಳಕ್ಕೆ ಹೋಗಲಿಕ್ಕುಂಟು, ನೀನೂ ಬಾ, ಮನೆಯಿಂದ ಗುಳ್ಳ ತಾ ಎಂದರು. ಅವರ ಜೊತೆ ಓದಿದ ಒಬ್ಬ ಡಾಕ್ಟರು ಅಲ್ಲಿದ್ದರು. ಅವರೂ ಇಂಥದೇ ಡಿಪ್ಲೊಮಾ ಮಾಡಿದವರು, ಕಣ್ಣಿನದ್ದು. ಮಾಡಿದವರನ್ನೇ ಕೇಳೋಣ ಎಂದು ಬಾಯಿಯ ಯೋಚನೆ. ಉಡುಪಿಗೆ ಹೋಗಿ ಬಸ್ಸು ಬದಲಿಸಿದೆವು. ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ನಾನು ಮುಂದೆ ನುಗ್ಗಿ ಕಿಟಕಿಯಿಂದ ಗುಳ್ಳದ ಚೀಲ ಹಾಕಿ ಅವರಿಗೆ ಸೀಟು ಹಿಡಿದೆ. ನಾನು ಕಾರ್ಕಳದವರೆಗೂ ನಿಂತೇ ಹೋದೆ. ಅಷ್ಟು ಒಳ್ಳೆಯ ಪ್ರಯಾಣ ನಾನು ಮತ್ತೆ ಮಾಡಿದ್ದಿಲ್ಲ.

ಆ ಡಾಕ್ಟರರ ಗೋಡೆಯಲ್ಲಿ ಗಾಜು ಹಾಕಿದ ಎರಡು ಸರ್ಟಿಫಿಕೇಟು ಇದ್ದವು. ಪಕ್ಕದಲ್ಲಿ ಕಣ್ಣು ಪರೀಕ್ಷೆ ಮಾಡುವ ಅಕ್ಷರಗಳ ಪಟ. ಅದರ ಅರ್ಧವನ್ನು ಒಂದು ಕ್ಯಾಲೆಂಡರ್ ಮುಚ್ಚಿತ್ತು. ಭಾನುವಾರವಾದರೂ ಬೆಂಚಿನಲ್ಲಿ ಜನ ಇದ್ದರು. ಕುರು ಆದವನು, ಕೆಮ್ಮುವವನು, ಬಸುರಿ ಹೆಂಗಸು. ಎಲ್ಲರನ್ನೂ ಕಳಿಸಿ ಅವರು ಕೈ ತೊಳೆದುಕೊಂಡು ಬಂದರು.

"ಬಾ, ಕಾಪುವಿನ ರಾಣಿ" ಎಂದರು. "ಕಣ್ಣು ತೋರಿಸ್ಲಿಕ್ಕೆ ಬಂದದ್ದಾದ್ರೆ ಈ ವಾರಕ್ಕೆ ನೀನು ಮೂರನೆಯವಳು."

"ಮೊದಲಿನ ಇಬ್ಬರು?"

"ಒಬ್ಬ ಕಣ್ಣಿಗೆ ಭತ್ತದ ಹೊಟ್ಟು ಬಿದ್ದವ. ಇನ್ನೊಬ್ಬಳಿಗೆ ಬೇಕಾದದ್ದು ವಕೀಲರ ಮನೆ, ದಾರಿ ತಪ್ಪಿ ಇಲ್ಲಿಗೆ ಬಂದದ್ದು."

ಬಾಯಿ ನಕ್ಕರು. ನಗು ನಿಂತ ಮೇಲೆ ವಿಷಯಕ್ಕೆ ಬಂದರು. ಆ ಡಾಕ್ಟರು ಮುಚ್ಚಿಡದೆ ಹೇಳಿದರು. ಕಲಿತು ಬಂದ ಮೊದಲ ವರ್ಷ ಕಣ್ಣು ಮಾತ್ರ ನೋಡುತ್ತೇನೆ ಎಂದು ಬೋರ್ಡು ಹಾಕಿದ್ದರಂತೆ. ಜನ ಬೋರ್ಡು ನೋಡಿ, ಈ ಡಾಕ್ಟರಿಗೆ ಜ್ವರಕ್ಕೆ ಮದ್ದು ಕೊಡಲು ಬರುವುದಿಲ್ಲ ಎಂದು ತಿಳಿದು ಆಚೆಯವರ ಹತ್ತಿರ ಹೋದರಂತೆ. ಮುದುಕರು ಪೊರೆ ಬೆಳೆದು ಕುರುಡಾದರೆ ಅದು ವಯಸ್ಸು, ಅದಕ್ಕೆ ಯಾರೂ ಡಾಕ್ಟರ ಹತ್ತಿರ ಬರುವುದಿಲ್ಲ. ಬೋರ್ಡು ತೆಗೆದು ಒಳಗಿಟ್ಟ ಮೇಲೆ ಬೆಂಚು ತುಂಬಿತು.

"ಹಾಗಾದ್ರೆ ಮಾಡಿದ್ದು ದಂಡ ಅಂತೀಯಾ?" ಬಾಯಿ ಕೇಳಿದರು.

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ದಂಡ ಅಲ್ಲ. ಕಲಿತದ್ದು ಕೈಯಲ್ಲಿ ತುರಿಸ್ತಾ ಉಂಟು. ಕಲಿಯದೇ ಇದ್ದಿದ್ರೆ ತುರಿಸ್ತಿರ್ಲಿಲ್ಲ, ಅಷ್ಟೇ."

ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಬಾಯಿ ಬೊಂಬಾಯಿಗೆ ಹೋದರೆ ನನ್ನಲ್ಲಿ ಕಂಪೌಂಡರ್ ಆಗಿ ಬರುತ್ತೀಯಾ ಎಂದು ಕೇಳಿದರು. ನಾನು ಇಲ್ಲ ಎಂದೆ. ಒಂದೇ ಶಬ್ದ. ಇಬ್ಬರೂ ನಕ್ಕರು. ಬಾಯಿ ನಕ್ಕದ್ದು ನನ್ನನ್ನು ನೋಡಿ.

ಹಿಂದೆ ಬರುವಾಗ ಅವರು ಬಸ್ಸಿನ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದರು. ಅವರ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಅದನ್ನು ಎತ್ತಿ ಉಡುಪಿ ಬರುವವರೆಗೆ ನಾನೇ ಹಿಡಿದುಕೊಂಡಿದ್ದೆ. ಕಾರ್ಕಳದ ಡಾಕ್ಟರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಒಂದು ವಾರ ಕಳೆದಿರಬೇಕು, ಪ್ರೊಫೆಸರು ತಾವೇ ಕಾರಿನಲ್ಲಿ ಕಾಪುವಿಗೆ ಬಂದರು. ಬಾಯಿ ಅವರನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಅದಕ್ಕೂ ನನ್ನ ಮದ್ದಿನ ಮೂಲೆಗೂ ನಡುವೆ ಒಂದು ಹಲಗೆಯ ಗೋಡೆ ಅಷ್ಟೇ. ಆಗ ನನ್ನೆದುರು ಒಬ್ಬ ಮನುಷ್ಯ ನಿಂತಿದ್ದ. ಅವನ ಹನ್ನೊಂದು ತಿಂಗಳ ಮಗುವಿಗೆ ಭೇದಿ. ಬಾಯಿ ಆಗಲೇ ಮಗುವನ್ನು ನೋಡಿ ಮನೆಗೆ ಕಳಿಸಿ, ಚೀಟಿ ಬರೆದು ಕೊಟ್ಟಿದ್ದರು. ಭೇದಿ ಕಟ್ಟುವ ಆ ಮಿಕ್ಸ್ಚರಿಗೆ ಅಫೀಮಿನ ಟಿಂಚರ್ ಒಂದಿಷ್ಟು ಬೀಳುತ್ತದೆ. ಅಳತೆ ತಪ್ಪಬಾರದ ಮದ್ದು. ಅಳತೆ ನಾನು ತಪ್ಪಲಿಲ್ಲ. ಕಲಸಿದೆ, ಬಾಟ್ಲಿಗೆ ಹಾಕಿದೆ. ಕಿವಿ ಮಾತ್ರ ಹಲಗೆಯಲ್ಲಿತ್ತು.

ಪ್ರೊಫೆಸರು ಏನು ನಿರ್ಧಾರ ಮಾಡಿದೆ ಎಂದು ಕೇಳಿದರು. ನಾನು ಬಾಟ್ಲಿ ಹಿಡಿದುಕೊಂಡು ಹಾಗೇ ನಿಂತೆ. ಕೊನೆಗೆ ಬಾಯಿಯ ಸ್ವರ ಕೇಳಿತು.

"ನಾನು ಇಲ್ಲೇ ಇರ್ತೇನೆ ಅಂತ ಕಾಣ್ತದೆ ಸರ್. ಇವರಿಗೆ ಬೇರೆ ಯಾರೂ ಇಲ್ಲ."

ಇವರಿಗೆ ಎಂದರೆ ಯಾರಿಗೆ ಎಂದು ನಾನು ಕೇಳಲಿಲ್ಲ. ನಾನೂ ಅದರಲ್ಲಿ ಸೇರಿದ್ದೇನೆ ಎಂದುಕೊಂಡೆ. ಕೈ ತನ್ನಷ್ಟಕ್ಕೆ ಕಾಗದ ಮಡಿಸಿತು, ಕತ್ತರಿಸಿತು, ಅಂಟಿಸಿತು. ಆ ಮನುಷ್ಯ ಮಡಿಯ ಮನೆಯವನು ಎಂದು ನನಗೆ ಗೊತ್ತಿತ್ತು. ಅವರ ಮನೆಗೆ ಮೊದಲೂ ಗೆರೆ ಗೀರಿ ಬಾಟ್ಲಿ ಕೊಟ್ಟಿದ್ದೇನೆ. ಅರ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಸಂತೋಷದಲ್ಲಿ ಕಾಣಲಿಲ್ಲ. ಒಂದು ಹಲ್ಲಿಗೆ ಒಂದು ಹೊತ್ತು ಎಂದು ಹೇಳಿ ಬಾಟ್ಲಿ ಕೊಟ್ಟು ಕಳಿಸಿದೆ.

ಮರುದಿನ ಮಧ್ಯಾಹ್ನ ಮಗುವನ್ನು ತಂದರು. ಅಜ್ಜಿ ಎತ್ತಿಕೊಂಡಿದ್ದರು, ಹಿಂದೆ ತಾಯಿ. ಮಗು ಎಬ್ಬಿಸಿದರೂ ಏಳುತ್ತಿರಲಿಲ್ಲ. ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿತ್ತು. ಅಜ್ಜಿ ಬಾಟ್ಲಿಯನ್ನೂ ತಂದಿದ್ದರು. ಫಳಫಳ ತೊಳೆದ ಬಾಟ್ಲಿ, ಬೆನ್ನಿನಲ್ಲಿ ಏನೂ ಇಲ್ಲ. ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ಅಂದಾಜಿಗೆ ಕುಡಿಸಿದ್ದರಂತೆ. ಭೇದಿ ನಿಲ್ಲದ್ದಕ್ಕೆ ಮತ್ತೊಮ್ಮೆ ಕುಡಿಸಿದ್ದರಂತೆ.

ಬಾಯಿ ಬಾಟ್ಲಿಯನ್ನು ಒಮ್ಮೆ ನೋಡಿದರು. ಗ್ಲುಕೋಸ್ ಏರಿಸಲು ಮಗುವಿನ ಕೈಯಲ್ಲಿ ನರ ಹುಡುಕಿದರು. ಸಿಗಲಿಲ್ಲ. ಕಾಲಿನಲ್ಲಿ ಹುಡುಕಿದರು, ಎರಡು ಸಲ ಚುಚ್ಚಿದರು. ಒಣಗಿದ ಮಗುವಿನ ನರ ದಾರಕ್ಕಿಂತ ಸಣ್ಣ. ಅವರ ಹಣೆಯಿಂದ ಬೆವರು ಮಗುವಿನ ಹೊಟ್ಟೆಯ ಮೇಲೆ ಬಿತ್ತು. ಮೂರನೇ ಸಲ ಚುಚ್ಚದೆ ಸೂಜಿ ಕೆಳಗಿಟ್ಟು, ಮಣಿಪಾಲಕ್ಕೆ ಒಯ್ಯಬೇಕು ಎಂದರು. ಟ್ಯಾಕ್ಸಿ ತರಲು ಓಡಿದೆ.

ಮಣಿಪಾಲದಲ್ಲಿ ಮಗುವನ್ನು ಕೈಗೆ ತೆಗೆದುಕೊಂಡ ಡಾಕ್ಟರು ಬಾಯಿಗಿಂತ ಚಿಕ್ಕವರು. ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಆ ಬೊಂಬಾಯಿಯ ಡಿಪ್ಲೊಮಾ ಮಾಡಿ ಬಂದವರು ಎಂದು ಆಮೇಲೆ ತಿಳಿಯಿತು. ಅವರು ಕೈಯನ್ನೂ ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ. ಬ್ಲೇಡು ತರಿಸಿ ಮಗುವಿನ ಕಿವಿಯ ಮೇಲೆ ಎರಡು ಬೆರಳಿನಷ್ಟು ಕೂದಲು ಬೋಳಿಸಿದರು. ತಲೆಗೆ ಸುತ್ತ ಒಂದು ರಬ್ಬರ್ ಕಟ್ಟಿದರು. ಬೋಳಿಸಿದ ಚರ್ಮದಲ್ಲಿ ಒಂದು ನೀಲಿ ಗೆರೆ ಎದ್ದು ಬಂತು. ಸಣ್ಣ ಸೂಜಿ, ಒಂದೇ ಸಲ. ಮೇಲಿನ ಬಾಟ್ಲಿಯಿಂದ ನೀರು ತೊಟ್ಟಿಕ್ಕತೊಡಗಿತು.

ಬಾಯಿ ಅದನ್ನು ನೋಡುತ್ತ ನಿಂತರು. ನಾನು ಬಾಯಿಯನ್ನು ನೋಡುತ್ತ ನಿಂತೆ. ಅವರ ಮುಖದಲ್ಲಿ ದುಃಖ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಹಸಿದವರು ಬೇರೆಯವರ ಎಲೆಯನ್ನು ನೋಡುವ ಹಾಗೆ ನೋಡುತ್ತಿದ್ದರು. ನನಗೆ ಆಗಲೇ ಗೊತ್ತಾಯಿತು.

ಸಂಜೆಯ ಹೊತ್ತಿಗೆ ಮಗು ಅತ್ತಿತು. ಅಜ್ಜಿ ಗೋಡೆಗೆ ಮುಖ ಮಾಡಿ ಕೂತರು. ನಾವು ಕಾಪುವಿನ ಬಸ್ಸು ಹತ್ತಿದೆವು. ಬಸ್ಸು ಉದ್ಯಾವರ ದಾಟಿತು. ಆಮೇಲೆ ನಾನೇ ಹೇಳಿದೆ, ಗೆರೆ ಗೀರಲಿಲ್ಲ, ಕಾಗದ ಅಂಟಿಸಿದೆ ಎಂದು.

"ಗೊತ್ತುಂಟು" ಎಂದರು. "ಅಂಟಿನ ಗುರುತು ಮಾತ್ರ ಇತ್ತು. ಎಂತ ಆಗಿತ್ತು ನಿನಗೆ?"

"ಮರೆತೆ."

ಸಂತೋಷ ಆಗಿತ್ತು ಎಂದು ಹೇಳಲು ಆಗುತ್ತದಾ?

"ನೀನು ಗೊತ್ತಿದ್ದು ಮರೆತದ್ದು. ನನಗೆ ಗೊತ್ತೇ ಇರ್ಲಿಲ್ಲ ಮಾರಾಯ. ಹನ್ನೊಂದು ವರ್ಷದಿಂದ ಡಾಕ್ಟರ್, ತಲೆಯಲ್ಲಿ ನರ ಸಿಗ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಕೈಗೆ ಬರ್ಲಿಲ್ಲ. ಆ ಮೂರು ಮಕ್ಕಳು..." ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಕೇಳಿದರು. "ಹೇಳು, ಹೋಗುದಾ ಬೇಡ್ವಾ?"

"ನನ್ನನ್ನು ಎಂತಕ್ಕೆ ಕೇಳುದು?"

"ಮತ್ತೆ ಯಾರನ್ನು ಕೇಳುದು?"

ಆ ಮಾತನ್ನು ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ಬೇಡ ಎಂದಿದ್ದರೆ ನಿಲ್ಲುತ್ತಿದ್ದರೋ ಗೊತ್ತಿಲ್ಲ. ನಿಲ್ಲುತ್ತಿದ್ದರು ಎಂದು ಕೆಲವು ದಿನ ಅನಿಸುತ್ತದೆ. ನನ್ನ ಕಣ್ಣಿಗೆ ಆ ಬೋಳಿಸಿದ ಎರಡು ಬೆರಳಿನ ಜಾಗ ಕಟ್ಟಿತ್ತು.

"ಹೋಗಿ" ಎಂದೆ.

ಫಾರಂ ಮರುದಿನದ ಟಪಾಲಿಗೆ ಹೋಯಿತು. ಹಾಕಿ ಬಂದವನೂ ನಾನೇ.

ಅವರು ಹೋದದ್ದು ಮಂಗಳೂರಿನಿಂದ ಹಡಗಿನಲ್ಲಿ. ಮಂಗಳೂರಿನ ಬಸ್ಸಿಗೆ ಟ್ರಂಕು ಏರಿಸಿದೆ. ಅವರ ತಾಯಿ ಅಳುತ್ತಿದ್ದರು. ಬಾಯಿ ನನಗೆ ಚೆನ್ನಾಗಿರು ಎಂದರು, ಹೊಸ ಡಾಕ್ಟರಿಗೆ ಮದ್ದಿನ ಕಪಾಟು ತೋರಿಸಿ ಕೊಡು ಎಂದರು. ಬಸ್ಸು ಹೊರಟಿತು. ಮರುದಿನ ನಾನು ಕಾಪುವಿನ ಕಡಲತೀರಕ್ಕೆ ಹೋಗಿ ಕೂತೆ. ಬಹಳ ದೂರದಲ್ಲಿ ಒಂದು ಹೊಗೆ ಬಡಗು ದಿಕ್ಕಿಗೆ ಹೋಗುತ್ತಿತ್ತು. ಅದೇ ಹಡಗಾ, ಬೇರೆಯಾ, ಗೊತ್ತಿಲ್ಲ. ಅದು ಕಾಣದಾಗುವವರೆಗೆ ಕೂತೆ. ಕಾಣದಾದ ಮೇಲೂ ಕೂತೆ.

ದವಾಖಾನೆಗೆ ಬಂದ ಹೊಸ ಡಾಕ್ಟರು ವಯಸ್ಸಾದವರು, ಕೆಟ್ಟವರಲ್ಲ. ಎಲ್ಲದಕ್ಕೂ ಇಂಜೆಕ್ಷನ್, ಇಲ್ಲದಿದ್ದರೆ ಗುಳಿಗೆ. ಮಿಕ್ಸ್ಚರ್ ಕೇಳುವವರು ಕಡಿಮೆಯಾದರು. ಸಂಜೆ ಅವರು ಬೇಗ ಹೊರಡುತ್ತಾರೆ. ಜಗಲಿಯಲ್ಲಿ ಯಾರೂ ಕೂರುವುದಿಲ್ಲ. ಬೊಂಬಾಯಿಯಿಂದ ಎರಡು ಕಾರ್ಡು ಬಂದವು. ಒಂದರಲ್ಲಿ ಅಲ್ಲಿಯ ಬದನೆಗೆ ರುಚಿ ಇಲ್ಲ ಎಂದು ಬರೆದಿದ್ದರು. ಇನ್ನೊಂದರಲ್ಲಿ, ಇಲ್ಲಿ ಒಂದು ದಿನಕ್ಕೆ ನೋಡುವಷ್ಟು ಮಕ್ಕಳನ್ನು ಕಾಪುವಿನಲ್ಲಿ ಒಂದು ವರ್ಷದಲ್ಲೂ ನೋಡಿಲ್ಲ ಎಂದಿತ್ತು. ನಾನು ಉತ್ತರ ಬರೆಯಲು ಮೂರು ಸಲ ಕಾರ್ಡು ತಂದೆ. ಒಂದನ್ನು ಹಾಕಿದೆ. ಅದರಲ್ಲಿ ಎಲ್ಲರೂ ಸೌಖ್ಯ ಎಂದು ಬರೆದಿದ್ದೆ.

ಎರಡು ವರ್ಷ ಮುಗಿಸಿ ಅವರು ಹೇಳಿದ ಹಾಗೆ ಮಣಿಪಾಲಕ್ಕೆ ಬಂದರು. ಸುದ್ದಿ ತಿಳಿದ ದಿನವೇ ಹೋದೆ. ಬಾಗಿಲಿನ ಪ್ಯೂನ್ ನನ್ನ ಕೈ ನೋಡಿದ, ಹಿಂದೆ ನೋಡಿದ, ಮಗು ಎಲ್ಲಿ ಎಂದು ಕೇಳಿದ. ಮಗು ಇಲ್ಲ ಎಂದೆ. ಹಾಗಾದರೆ ಎಂತ ಕಾಯಿಲೆ ಎಂದ. ಕಾಯಿಲೆ ಇಲ್ಲ ಎಂದೆ. ಅವನು ಮುಂದಿನ ತಾಯಿಯನ್ನು ಕರೆದ. ಹಿಂದೆ ಬಂದೆ.

ಮುಂದಿನ ತಿಂಗಳು ಪಕ್ಕದ ಮನೆಯವರ ಮಗನಿಗೆ ಕೆಮ್ಮು ಜೋರಾಯಿತು. ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಚೀಟಿ ಸಿಕ್ಕಿತು, ಒಳಗೆ ಬಿಟ್ಟರು. ಬಾಯಿಯ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. "ಓ, ನೀನಾ, ಇದು ಯಾರ ಮಗು?" ಎಂದರು. ಮಗುವಿನ ಎದೆಗೆ ಸ್ಟೆಥಾಸ್ಕೋಪ್ ಇಟ್ಟು, ಬೆನ್ನು ತಟ್ಟಿ, ನಾಲಿಗೆ ನೋಡಿ ಬರೆದು ಕೊಟ್ಟರು. ಕೈ ಎಷ್ಟು ಹಗುರವಾಗಿತ್ತೆಂದರೆ ಮಗು ಅಳಲಿಲ್ಲ. ಮದ್ದು ಹೇಗೆ ಕೊಡಬೇಕೆಂದು ಕನ್ನಡದಲ್ಲಿ ಒಂದೊಂದೇ ಶಬ್ದ ಬಿಡಿಸಿ ಹೇಳಿದರು. ನಾನು ಗೊತ್ತಿಲ್ಲದವನ ಹಾಗೆ ಎಲ್ಲವನ್ನೂ ಕೇಳಿದೆ. ಹೊರಗೆ ಇನ್ನೂ ಮೂವತ್ತು ತಾಯಂದಿರು ಇದ್ದರು. ನಾನು ಏಳುವಾಗ ಅವರು ಹೇಳಿದ್ದು ಇಷ್ಟು.

"ಆ ದಿನ ಹೋಗಿ ಅಂತ ಹೇಳಿದ್ದು ಊರಲ್ಲಿ ನೀನೊಬ್ಬನೇ. ಒಳ್ಳೇದಾಯ್ತು."

ಒಳ್ಳೆಯದೇ ಆಯಿತು. ಆ ವಾರ್ಡಿನಿಂದ ಮಕ್ಕಳು ನಡೆದು ಹೊರಗೆ ಬರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾರ್ಕಳದವರ ಬೆರಳಿನಲ್ಲಿದ್ದ ತುರಿಕೆ ಇವರ ಬೆರಳಿನಲ್ಲಿ ಇಲ್ಲ.

ಈಗ ಮಟ್ಟುವಿನಲ್ಲಿ, ಕಾಪುವಿನಲ್ಲಿ ಯಾರ ಮಗುವಿಗೆ ಏನಾದರೂ ಮಣಿಪಾಲಕ್ಕೆ ಕರೆದುಕೊಂಡು ಹೋಗಲು ನನ್ನನ್ನು ಕರೆಯುತ್ತಾರೆ. ಆಸ್ಪತ್ರೆಯ ದಾರಿ ತಿಳಿದವನು, ಪರೋಪಕಾರಿ ಎನ್ನುತ್ತಾರೆ. ನನಗೆ ಇಪ್ಪತ್ತೇಳು. ಅಮ್ಮ ಹೆಣ್ಣು ನೋಡುತ್ತಿದ್ದಾಳೆ, ನಾನು ಮುಂದೆ ಹಾಕುತ್ತಿದ್ದೇನೆ. ಮೊನ್ನೆ ಬೆಳಿಗ್ಗೆ ಅಕ್ಕನ ಮಗಳಿಗೆ ಮೂರು ದಿನದಿಂದ ಜ್ವರ ಬಿಟ್ಟಿಲ್ಲ ಎಂದು ಸುದ್ದಿ ಬಂತು. ಕೇಳಿದ ಕೂಡಲೇ ನನಗೆ ಆದದ್ದು ಸಂತೋಷ. ಆಮೇಲೆ ನಾಚಿಕೆಯಾಗಿ ಬಾವಿಕಟ್ಟೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಒಗೆದು ಇಟ್ಟ ಅಂಗಿ ಹಾಕಿಕೊಂಡು ಅಕ್ಕನ ಮನೆಗೆ ಹೊರಟೆ.